ದೊಡ್ಡಬೈರಪ್ಪನವರು ತಿಂದ ಟ್ಯಾಕೊ

ನಮ್ಮ ಯಜಮಾನರ ಆಫೀಸಿನ ದೊಡ್ಡಬೈರಪ್ಪನವರು ಚಾಮರಾಜಪೇಟೆಯ ನಮ್ಮ ಮನೆಗೆ ಎಂಟು ವರ್ಷದಿಂದ ಬರುತ್ತಿದ್ದರು. ಬಂದಾಗಲೆಲ್ಲ ನಮ್ಮವರನ್ನು ತೋರಿಸಿ "ಬೈರಯ್ಯ ನನ್ನ ತಮ್ಮ ಇದ್ದಂಗೆ" ಎನ್ನುತ್ತಿದ್ದರು. ಆದರೆ ತಮ್ಮನ ಮನೆಯಲ್ಲಿ ಅಣ್ಣ ಮುಟ್ಟುತ್ತಿದ್ದದ್ದು ಬಾಳೆಹಣ್ಣು ಮಾತ್ರ. ಅದಕ್ಕಾದರೆ ಸಿಪ್ಪೆ ಇರುತ್ತದೆ, ನಮ್ಮ ಕೈ ಒಳಗೆ ತಾಗುವುದಿಲ್ಲ. ಊಟಕ್ಕೆ ಕರೆದರೆ ಒಂದು ಸಲ ಶನಿವಾರ, ಇನ್ನೊಂದು ಸಲ ಹೊಟ್ಟೆ ಸರಿಯಿಲ್ಲ. ಈ ದೊಡ್ಡಬೈರಪ್ಪ ಗೌಡರು ಮೀನೆಂದರೆ ಬಿಡುವವರಲ್ಲ ಎಂದು ಇಡೀ ಆಫೀಸಿಗೆ ಗೊತ್ತು. ನಾವು ಯಾವ ಜನ ಎಂಬುದೂ ಗೊತ್ತು. ನಮ್ಮವರು ನಕ್ಕುಬಿಡುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಈ ಮನುಷ್ಯ ನನ್ನ ಕೈಯಡುಗೆ ಒಂದು ತುತ್ತಾದರೂ ತಿನ್ನಬೇಕು ಎಂದು ಹಟ ಹಿಡಿದಿದ್ದೆ.

ಎಂಬತ್ತನಾಲ್ಕರಲ್ಲಿ, ಫುಟ್‌ಪಾತಿನಲ್ಲಿ ಕೊಂಡ ಅಮೆರಿಕದ ಹಳೇ ಮ್ಯಾಗಜೀನಿನಲ್ಲಿ ದಾರಿ ಸಿಕ್ಕಿತು. ಮೆಕ್ಸಿಕೋದವರ ಫಿಶ್ ಟ್ಯಾಕೊ. ಮುಸುಕಿನ ಜೋಳದ ರೊಟ್ಟಿ ಮಡಚಿ, ಒಳಗೆ ಕರಿದ ಮೀನು, ಮೇಲೆ ಹಸಿ ಕೋಸು. ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುವವಳಿಗೆ ಇದೇನು ಮಹಾ!

"ಫಾರಿನ್ ಐಟಂ ಸಾರ್, ಭಾನುವಾರ ಬನ್ನಿ" ಎಂದು ನಮ್ಮವರು ಕರೆದರು. ಈ ಸಲ ಅವರ ಹೊಟ್ಟೆ ಸರಿಯಾಗಿಯೇ ಇತ್ತು.

ಮೊದಲ ಎರಡು ರೊಟ್ಟಿ ಮಡಚಿದ ಕೂಡಲೇ ಮುರಿದವು. ಹಿಟ್ಟನ್ನು ಕುದಿವ ನೀರಲ್ಲಿ ಕಲಸಿ, ಬೆಂದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆ ಮಾತು ಕೇಳಿದವು. ಕೋಸನ್ನು ಎಳೆಎಳೆಯಾಗಿ ಹೆಚ್ಚಿ ತಣ್ಣೀರಲ್ಲಿ ನೆನೆಸಿ ಹಿಂಡಿದೆ, ಬಾಯಲ್ಲಿ ಕರುಂ ಕರುಂ ಎನ್ನುತ್ತಿತ್ತು. ಮ್ಯಾಗಜೀನು ಕೇಳಿದ ಬಿಳಿ ಸಾಸಿನ ಬದಲು ಗಟ್ಟಿ ಮೊಸರಿಗೆ ಬೆಳ್ಳುಳ್ಳಿ ಅರೆದು ಹಾಕಿದೆ.

"ಮೀನಿಗೆ ಮೊಸರು ಸೇರಿಸಿದ್ರೆ ತೊನ್ನು ಬರುತ್ತೆ ಕಣೇ" ಎಂದು ನಮ್ಮವರು ಹೆದರಿದರು.

"ಬಂದ್ರೆ ಅವರಿಗೂ ಬರ್ಲಿ" ಎಂದೆ.

ದೊಡ್ಡಬೈರಪ್ಪನವರು ಟ್ಯಾಕೊವನ್ನು ಎತ್ತಿ ಹಿಂದೆ ಮುಂದೆ ನೋಡಿದರು. ರಾಗಿಮುದ್ದೆಗೆ ಇರುವ ಜಾತಿ ಟ್ಯಾಕೊಗೆ ಇಲ್ಲವಲ್ಲ, ಕಚ್ಚಿಯೇಬಿಟ್ಟರು. "ಏನ್ ಟೇಸ್ಟು ಬೈರಯ್ಯ!" ಎನ್ನುತ್ತಾ ಒಂದಲ್ಲ, ನಾಲ್ಕು ತಿಂದರು. ನಾನು ಅಡುಗೆಮನೆಗೆ ಹೋಗಿ ಸೆರಗಲ್ಲಿ ಕಣ್ಣೊರೆಸಿಕೊಂಡೆ. ಸುಳ್ಳು ಯಾಕೆ, ತುಂಬಾ ಖುಷಿಯಾಗಿತ್ತು.

ಹತ್ತು ದಿನ ಕಳೆದು ಮಾರ್ಕೆಟ್ಟಿನಲ್ಲಿ ಅವರ ಹೆಂಡತಿ ಸುಬ್ಬಮ್ಮ ಸಿಕ್ಕರು.

"ನಮ್ಮನೆಯವ್ರು ಎಂ.ಜಿ. ರೋಡಲ್ಲಿ ಯಾವ್ದೋ ದೊಡ್ಡ ಹೋಟ್ಲಲ್ಲಿ ಟ್ಯಾಕೊ ತಿಂದ್ ಬಂದವ್ರೆ ಕಮಲಮ್ಮ. ಗೋವಾದ ಅಡುಗೆಯೋನಂತೆ. ದಿನಾ ಅದೇ ಜಪ. ನೀವು ಓದಿದೋರು, ಅದನ್ನ ಹೆಂಗ್ ಮಾಡ್ತಾರೆ ಗೊತ್ತಾ?"

ಕೈಲಿದ್ದ ತರಕಾರಿ ಚೀಲ ಕೆಳಗಿಟ್ಟೆ.

"ಗೊತ್ತು. ಆ ಗೋವಾದ ಅಡುಗೆಯೋನು ನಾನೇ. ನಮ್ಮನೆ ಚಾಪೆ ಮೇಲೆ ಕೂತ್ಕೊಂಡೇ ನಾಲ್ಕು ತಿಂದ್ರು."

ಸುಬ್ಬಮ್ಮನ ಮುಖ ಬಿಳಿಚಿಕೊಂಡಿತು. ಅತ್ತಿತ್ತ ನೋಡಿ ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಯಾರ ಮುಂದೆನೂ ಅನ್ಬೇಡಿ ಕಮಲಮ್ಮ, ನಿಮ್ಮ ದಮ್ಮಯ್ಯ. ಮಗಳಿಗೆ ಗಂಡು ನೋಡ್ತಿದೀವಿ."

"ಅನ್ನಲ್ಲ ಬಿಡಿ" ಎಂದೆ. "ಆದ್ರೆ ನೀವು ಮನೇಲಿ ಮಾಡೋಕ್ ಹೋಗ್ಬೇಡಿ. ನನ್ ಕೈರುಚಿ ಹತ್ತಿದ ಬಾಯಿಗೆ ನಿಮ್ಮದು ಹಿಡಿಸಲ್ಲ."