ತನಗೇ ಅಡ್ಡ ನಿಂತ ಕಾವಲು

೨೦೨೩ರ ಜನವರಿ ೧೭, ಮಂಗಳವಾರ, ಮಧ್ಯಾಹ್ನ ೨ ಗಂಟೆ ೪೦ ನಿಮಿಷ. ಹಿಮಕುಸಿತದ ಮೇಲೆ ಕಣ್ಣಿಡುವ ಕಚೇರಿಯಲ್ಲಿ ನನ್ನ ಮುಂದಿದ್ದ ಲಿನಕ್ಸ್ ಕಂಪ್ಯೂಟರ್, ಶಿಖರದಲ್ಲಿ ಹಿಮ ಅಳೆಯುವ ಮಾಪಕ ಕಳಿಸಿದ ಕಡತವನ್ನು ತೆರೆಯಲು ಒಪ್ಪುತ್ತಿರಲಿಲ್ಲ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು.

ಕೆಳಗೆ ರಸ್ತೆಯ ತಡೆಕಂಬದ ಬಳಿ ಆಂಬುಲೆನ್ಸ್ ನಿಂತಿತ್ತು. ಒಳಗೆ ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸು. ಮಗು ಅಡ್ಡವಾಗಿತ್ತು, ಆಸ್ಪತ್ರೆ ಕಣಿವೆಯ ಆಚೆ. ಮೋಡ ಕವಿದಿದ್ದರಿಂದ ಹೆಲಿಕಾಪ್ಟರ್ ಏರಿರಲಿಲ್ಲ. ಇಳಿಜಾರಿನ ನೆತ್ತಿಯಲ್ಲಿ ಹೊಸ ಹಿಮ ಮೂವತ್ತು ಸೆಂಟಿಮೀಟರ್ ಮೀರಿದ್ದರೆ ರಸ್ತೆ ತೆರೆಯುವಂತಿಲ್ಲ. ಅಳತೆಯೇ ಸಿಗದಿದ್ದರೂ ತೆರೆಯುವಂತಿಲ್ಲ. ನಾಲ್ಕಕ್ಕೆ ಬೆಳಕು ಹೋದ ಮೇಲೆ ಆ ಮಾತೇ ಇಲ್ಲ.

ತಡೆಕಂಬ ಕಾಯುವ ಲಾರ್ನ್ ರೇಡಿಯೊದಲ್ಲಿ ಕೂಗಿದ: “ಏನಮ್ಮಾ ಗ್ವೆನ್, ಮಲಗಿಬಿಟ್ಯಾ? ಅವಳ ಗಂಡ ನನ್ನ ನುಂಗೋ ಹಾಗೆ ನೋಡ್ತಿದಾನೆ.”

“ಕಡತ ತೆರೀತಿಲ್ಲ. ಇನ್ನೈದು ನಿಮಿಷ.”

“ಆಗ್ಲೂ ನೀನು ಇದನ್ನೇ ಹೇಳಿದ್ದೆ.”

ನಮ್ಮ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಡಾರ್ಸಿ ಪಾಪಾಫ್ ಪಕ್ಕಕ್ಕೆ ಬಂದು ನಿಂತ. ಹಿಂದಿನ ವಾರ ಯಾರದೋ ಪೆನ್ ಡ್ರೈವ್‌ನಲ್ಲಿ ವೈರಸ್ ಸಿಕ್ಕಿತ್ತು. ಹಾಗಾಗಿ ಅಂದು ಊಟವಾದ ಮೇಲೆ ಅವನು ವೈರಸ್ ತಡೆಯುವ ತಂತ್ರಾಂಶ ಹಾಕಿದ್ದ. ಅದರಲ್ಲಿ ಎರಡು ಭಾಗ: ಯಾರು ಯಾವ ಕಡತ ತೆರೆದರೂ ಹಿಡಿದು ನಿಲ್ಲಿಸುವ ಕಾವಲು, ನಿಲ್ಲಿಸಿದ್ದನ್ನು ಪರೀಕ್ಷಿಸಿ ಬಿಡು ಎನ್ನುವ ಶೋಧಕ.

“ಯಾವ ಫೋಲ್ಡರ್ ಕಾಯೋಕೆ ಹೇಳಿದೀಯ?” ಎಂದು ಕೇಳಿದೆ.

“ಇಡೀ ಡಿಸ್ಕ್. ಮಾಡೋದಾದ್ರೆ ನೆಟ್ಟಗೆ ಮಾಡೋಣ ಅಂತ.”

“ಶೋಧಕಕ್ಕೆ ವಿನಾಯಿತಿ ಕೊಟ್ಟಿದೀಯ ತಾನೆ?”

“ಅದಕ್ಕೂ ಕೊಡ್ಬೇಕಿತ್ತಾ?”

ಪರೀಕ್ಷಿಸಬೇಕಾದರೆ ಶೋಧಕವೂ ಕಡತವನ್ನು ತೆರೆಯಬೇಕು. ತೆರೆಯಹೋದಾಗ ಕಾವಲು ಅದನ್ನೂ ಹಿಡಿದು, ಬಿಡಬಹುದೇ ಎಂದು ಶೋಧಕವನ್ನೇ ಕೇಳುತ್ತಿತ್ತು. ಎರಡೂ ಒಂದಕ್ಕೊಂದು ಕಾಯುತ್ತ ಕೂತಿದ್ದವು.

“ಶೋಧಕಾನ ಮುಗಿಸಿಬಿಡ್ತೀನಿ,” ಎಂದವನೇ ಡಾರ್ಸಿ, ನಾನು ಕೈ ಹಿಡಿಯುವ ಮೊದಲೇ ಆಜ್ಞೆ ಒತ್ತಿಬಿಟ್ಟ. ಅಲ್ಲಿಗೆ ಉಳಿದದ್ದೂ ನಿಂತಿತು. ಕಾವಲು ಕೇಳುತ್ತಲೇ ಇತ್ತು, ಉತ್ತರ ಕೊಡುವವರೇ ಇರಲಿಲ್ಲ.

“ಮಹರಾಯ, ಮುಗಿಸ್ಬೇಕಾಗಿದ್ದು ಕಾವಲನ್ನ!”

“ಆಫ್ ಮಾಡಿ ಆನ್ ಮಾಡಿದ್ರೆ?”

“ಕಂಪ್ಯೂಟರ್ ಏಳ್ತಾನೇ ಕಾವಲೂ ಏಳೋ ಹಾಗೆ ಇಟ್ಟಿದೀಯಲ್ಲೋ. ಮತ್ತೆ ಇದೇ ಗತಿ.”

ಹೆಚ್ಚಿನ ಆಜ್ಞೆಗಳೂ ಡಿಸ್ಕಿನ ಮೇಲಿನ ಕಡತಗಳೇ ಆದ್ದರಿಂದ ಯಾವುದೂ ಓಡುವಂತಿರಲಿಲ್ಲ. ಆದರೆ ಮೊದಲೇ ತೆರೆದಿದ್ದ ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಕಿಟಕಿ, ಇನ್ನೂ ಜೀವಂತವಾಗಿತ್ತು. ಓಡುತ್ತಿರುವ ಕೆಲಸವನ್ನು ನಿಲ್ಲಿಸುವ ಆಜ್ಞೆ ಅದರೊಳಗೇ ಇರುತ್ತದೆ, ಡಿಸ್ಕನ್ನು ಮುಟ್ಟಬೇಕಿಲ್ಲ. ಓಡುವ ಪ್ರತಿ ಕೆಲಸಕ್ಕೂ ಕಂಪ್ಯೂಟರ್ ಒಂದು ಸಂಖ್ಯೆ ಕೊಡುತ್ತದೆ; ಬೇಕಿದ್ದದ್ದು ಕಾವಲಿನ ಆ ಸಂಖ್ಯೆ ಮಾತ್ರ. ಅದನ್ನು ತೋರಿಸುವ ಆಜ್ಞೆಯೂ ಸಿಕ್ಕಿಕೊಂಡಿತ್ತು.

ಪರದೆಯನ್ನು ಹಿಂದಕ್ಕೆ ಸರಿಸುತ್ತ ಹೋದೆ. ಡಾರ್ಸಿ ಮಧ್ಯಾಹ್ನ ಕಾವಲನ್ನು ಶುರುಮಾಡಿದಾಗ ಮೂಡಿದ್ದ ಸಾಲು, ಹಲವು ಪುಟಗಳ ಮೇಲೆ, ಹಾಗೇ ಉಳಿದಿತ್ತು.

“ಓದು. ನಿಧಾನಕ್ಕೆ.”

“ನಾಲ್ಕು, ನಾಲ್ಕು, ಒಂದು, ಏಳು. ಒಂದಂಕಿ ತಪ್ಪಿದ್ರೆ ಏನಾಗುತ್ತೆ?”

“ಮಾಪಕದ ಸಂಪರ್ಕಾನೇ ಸಾಯಬಹುದು. ಇನ್ನೊಂದ್ಸಲ ಓದು.”

ಓದಿದ. ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ, ಅಷ್ಟು ಹೊತ್ತು ತಡೆದು ನಿಂತಿದ್ದ ಕಿಟಕಿಗಳೆಲ್ಲ ಪರದೆಯಲ್ಲಿ ಒಂದರ ಮೇಲೊಂದು ತೆರೆದುಕೊಂಡವು. ಮಾಪಕದ ಕಡತವೂ ಅವುಗಳ ನಡುವೆ ಇತ್ತು. ಹೊಸ ಸಾಲುಗಳು ಬಂದು ಸೇರುವವರೆಗೆ ಕಾದೆ. ಕೊನೆಯ ಸಾಲಿನ ಸಮಯವನ್ನು ಗೋಡೆಯ ಗಡಿಯಾರದೊಂದಿಗೆ ಹೋಲಿಸಿ ನೋಡಿದೆ. ಅಳತೆ ಆಗಷ್ಟೇ ಬಂದದ್ದು.

“ಲಾರ್ನ್, ಕಂಬ ಎತ್ತು. ಆಂಬುಲೆನ್ಸ್ ಒಂದೇ ಹೋಗ್ಲಿ. ಎಲ್ಲೂ ನಿಲ್ಲಬಾರದು.”

“ಅಂಕಿ ಹೇಳು ತಾಯಿ. ಅಂಕಿ ಕೇಳದೆ ನಾನು ಹಿಡಿಕೆ ಮುಟ್ಟಲ್ಲ.”

ಹೇಳಿದೆ. ಅವನು ಅದನ್ನೇ ತಿರುಗಿ ಹೇಳಿದ. ಅವನ ದನಿಯ ಹಿಂದೆ ಎಂಜಿನ್ ಶುರುವಾದ ಸದ್ದು ಕೇಳಿಸಿತು. ನೆತ್ತಿಯಲ್ಲಿ ಹೊಸ ಹಿಮ ಇಪ್ಪತ್ತೇಳು ಸೆಂಟಿಮೀಟರ್.