ಎಡಗೈಯ ಎರಡು ಬೆರಳು

ಬೇಸಿಗೆ ಶುರುವಾಗಿ ಇನ್ನೂ ಎಂಟು ದಿನ, ಮಧ್ಯಾಹ್ನ ಮೂರೂಕಾಲು. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಮುದುಕಿ ಆಯಾ, ಮಂಚದ ಮೇಲಿದ್ದವಳ ಎಡಗೈಗೆ ಅಂಟಿದ ಬಟ್ಟೆಯನ್ನು ನೀರು ಹೊಯ್ದು ಹೊಯ್ದು ಬಿಡಿಸುತ್ತಿದ್ದಳು. ಗಾಯಗೊಂಡವಳನ್ನು ಕರೆತಂದಿದ್ದ ತಗಡಿನ ಕಾರ್ಖಾನೆಯ ಸೂಪರ್‌ವೈಸರು ಡಾಕ್ಟರಮ್ಮನಿಗೆ ಹೇಳಿ ಬರೆಸುತ್ತಿದ್ದ.

"ಊಟಕ್ಕೆ ಮನೆಗೆ ಹೋದಾಗ ಬಾಗ್ಲು ಸಂದಿಗೆ ಕೈ ಸಿಕ್ಕಿಸ್ಕೊಂಡ್ಳು ಮೇಡಂ."

ಡಾಕ್ಟರಮ್ಮ ತಲೆಯೆತ್ತದೆ ರಿಜಿಸ್ಟರಿನಲ್ಲಿ 'ಬಾಗಿಲು' ಎಂದು ಬರೆದಳು.

ಬಟ್ಟೆ ಕಳಚಿತು. ತೋರುಬೆರಳು, ನಡುಬೆರಳು ಎರಡೂ ಒಂದೇ ಗೆರೆಯಲ್ಲಿ, ಅಳತೆ ಹಿಡಿದ ಹಾಗೆ ತುಂಡಾಗಿದ್ದವು. ಅಂಗೈ ತುಂಬ ಕಪ್ಪು ಗ್ರೀಸು. ಈ ವರ್ಷ ಆಯಾ ಇಂಥ ಕೈ ತೊಳೆಯುತ್ತಿದ್ದದ್ದು ಆರನೇ ಸಲ. ಹೆಂಗಸರು ಬೇರೆ ಬೇರೆ, ಕಾರಣಗಳೂ ಬೇರೆ ಬೇರೆ. ಚಾಕು, ಸೈಕಲ್ ಚೈನು, ಕಬ್ಬಿಣದ ಬೀರು. ಅಷ್ಟೂ ಸಲ ಅವಳು ಬಾಯಿ ಮುಚ್ಚಿಕೊಂಡು ತೊಳೆದಿದ್ದಳು.

"ಯಾವ ಮನೆ ಬಾಗ್ಲಿಗಪ್ಪಾ ಇಷ್ಟು ಗ್ರೀಸ್ ಬಳೀತಾರೆ?"

"ನಿನ್ ಕೆಲ್ಸ ನೀನ್ ನೋಡ್ಕೊ ಅಜ್ಜಿ."

"ನೋಡ್ಕೊಂಡಿದ್ದಕ್ಕೇ ಕೇಳ್ತಿರೋದು. ಆರು ಜನ, ಆರೂ ಎಡಗೈ, ಇವೇ ಎರಡು ಬೆರಳು. ಊರಿನ ಬಾಗ್ಲು, ಚಾಕು, ಬೀರು ಎಲ್ಲಾ ಮಾತಾಡ್ಕೊಂಡು ಕಚ್ತಾವಾ? ಡಾಕ್ಟ್ರಮ್ಮಾ, ನಂಗೆ ಓದಕ್ಕೆ ಬರಲ್ಲ. ಹಿಂದಿನ ಹಾಳೆ ತಿರುವಿ, ನೀವೇ ಓದಿ."

ಡಾಕ್ಟರಮ್ಮ ತಿರುವಿದಳು. ಐದೂ ಅವಳದೇ ಅಕ್ಷರ.

"ಅಜ್ಜೀ, ಗಂಟೆ ಎಷ್ಟು?" ಮಂಚದ ಮೇಲಿದ್ದವಳು ಮೊದಲ ಸಲ ಬಾಯಿ ಬಿಟ್ಟಳು.

"ಮೂರೂವರೆ ಕಣವ್ವಾ."

"ನಾಲ್ಕಕ್ಕೆ ಅದೇ ಮಿಷನ್ನಿಗೆ ನನ್ ತಂಗಿ ಕೂರ್ತಾಳೆ." ಆಮೇಲೆ ಅವಳು ಮಾತು ನಿಲ್ಲಿಸಲಿಲ್ಲ. "ಎರಡೂ ಕೈಲಿ ಎರಡು ಗುಂಡಿ ಒತ್ತಿದ್ರೆ ಮಾತ್ರ ತಗಡು ಕತ್ತರಿಸೋ ಅಚ್ಚು ಇಳೀಬೇಕು. ಬೇಗ ಬೇಗ ಆಗ್ಲಿ ಅಂತ ಎಡಗಡೆ ಗುಂಡೀನ ಟೇಪ್ ಸುತ್ತಿ ಒತ್ತಿಟ್ಟುಬಿಟ್ಟಿದ್ದಾರೆ. ಬಲಗೈ ಒತ್ತುತ್ತೆ, ಎಡಗೈ ಅಚ್ಚಿನ ಕೆಳಗೆ ತಗಡು ಕೊಡ್ತಾ ಇರುತ್ತೆ."

"ಏಯ್, ನಾಳೆ ಕೆಲ್ಸ ಬೇಡ್ವಾ ನಿಂಗೆ?"

"ಯಾವ ಕೈಲಿ ಮಾಡ್ಲಿ?"

ಸೂಪರ್‌ವೈಸರು ಬಾಗಿಲ ಕಡೆ ತಿರುಗಿದ. ಆಯಾ ಒದ್ದೆ ಕೈಯಲ್ಲೇ ಅಡ್ಡ ನಿಂತಳು.

"ಫೋನ್ ತೆಗೀರಿ," ಎಂದಳು ಡಾಕ್ಟರಮ್ಮ. "ಆ ಮಿಷನ್ ನಿಲ್ಸಿ ಅಂತ ನನ್ನೆದುರೇ ಹೇಳಿ. ಪೊಲೀಸ್ರಿಗೆ ನಾನು ಮಾಡ್ತೀನಿ."

ಅವನು ಫೋನ್ ಮಾಡಿ ಹೇಳಿದ. ಡಾಕ್ಟರಮ್ಮ 'ಬಾಗಿಲು' ಹೊಡೆದು ಹಾಕಿ 'ಕಾರ್ಖಾನೆಯ ಯಂತ್ರ' ಎಂದು ಬರೆದಳು.

"ಹಿಂದಿನ ಐದಕ್ಕೆ ಏನ್ ಮಾಡ್ತೀರಿ ತಾಯೀ?" ಆಯಾ ಕೇಳಿದಳು. ಡಾಕ್ಟರಮ್ಮ ಪೊಲೀಸರಿಗೆ ಫೋನ್ ಹಚ್ಚಿದಳು.

ನಾಲ್ಕೂಕಾಲಿಗೆ ತಂಗಿ ಓಡಿಬಂದಳು. ಅಕ್ಕ ಅವಳ ಮುಖ ನೋಡಲಿಲ್ಲ, ಮೊದಲು ಎಡಗೈ ಹಿಡಿದು ನೋಡಿದಳು.

ಮೂರು ದಿನ ಕಳೆದು, ಗುರುವಾರ ಬೆಳಿಗ್ಗೆ ಇಬ್ಬರೂ ಆಸ್ಪತ್ರೆ ಬಿಟ್ಟು ಹೊರಟರು. ಹೊರಗಿನ ಮೆಟ್ಟಿಲ ಮೇಲೆ ತಂಗಿ ಕೆಳಗೆ ಕೂತು, ಎರಡೂ ಕೈಯಲ್ಲಿ ಅಕ್ಕನ ಚಪ್ಪಲಿಯ ಪಟ್ಟಿ ಬಿಗಿದಳು.