ಕೊನೆಯ ಹತ್ತು ನಿಮಿಷ

ಅವನು ಎದ್ದು ನಿಂತಾಗ ಪರದೆಯ ಮೇಲೆ ಕ್ಷೌರಿಕ ಕೈಯಲ್ಲೊಂದು ಕಲ್ಲು ಹಿಡಿದು ಕನ್ನಡಿಯ ಮುಂದೆ ನಿಂತಿದ್ದ. ಹಿಂದಿನ ಸಾಲಿನಿಂದ ಯಾರೋ, "ಕೂತ್ಕೊಳ್ರೀ, ನಿಮ್ಮ ತಲೆ ನೋಡೋಕೆ ನಾವು ಬಂದಿಲ್ಲ," ಎಂದರು. ಅವನು ಕೂರಲಿಲ್ಲ. ಕತ್ತಲಲ್ಲಿ ತಾಗಿದ ಪ್ರತಿ ಮೊಣಕಾಲಿಗೂ ಕ್ಷಮೆ ಕೇಳುತ್ತ ಸಾಲು ದಾಟಿದ. ಬಾಗಿಲಿನ ಹತ್ತಿರ ಒಮ್ಮೆ ತಿರುಗಿ ನೋಡಿದ. ಕ್ಷೌರಿಕ ಇನ್ನೂ ಕಲ್ಲು ಎತ್ತಿರಲಿಲ್ಲ.

ಗಂಟೆ ಐದೂ ನಲವತ್ತು. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಆರಕ್ಕೆ ಬಿಡುತ್ತಾರೆ; ನಡೆದರೆ ಹತ್ತು ನಿಮಿಷದ ದಾರಿ. ಸಿನಿಮಾ ಮುಗಿಯಲು ಇನ್ನೂ ಹತ್ತು ನಿಮಿಷವಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಮುಗಿದ ಮೇಲೆ ಜನ ಬಾಗಿಲಲ್ಲಿ ನೂಕಾಡುತ್ತಾರೆ, ರಸ್ತೆ ದಾಟುವುದು ತಡವಾಗುತ್ತದೆ, ಅಕ್ಕ ಬಾಗಿಲನ್ನೇ ನೋಡುತ್ತ ಮಲಗಿರುತ್ತಾಳೆ. ಸಿನಿಮಾದ ಕೊನೆಯೆಂದರೆ ಇನ್ನೇನು, ಪ್ರೀತಿಸಿದ ಇಬ್ಬರು ಸೇರುತ್ತಾರೆ ಅಥವಾ ಸೇರುವುದಿಲ್ಲ ಎಂದುಕೊಂಡು ಅವನು ಹೆಜ್ಜೆ ಜೋರು ಮಾಡಿದ.

ಮರುದಿನ ಬೆಳಿಗ್ಗೆ ಏಳಕ್ಕೆ ಅಕ್ಕನ ಎದೆಯ ಆಪರೇಷನ್. ಡಾಕ್ಟರು ಅವನಿಂದ ಸಹಿ ಹಾಕಿಸಿಕೊಳ್ಳುವಾಗ, ಏಳುವುದು ಏಳದಿರುವುದು ಅರ್ಧಕ್ಕರ್ಧ ಎಂದಿದ್ದರು. ಅಕ್ಕ ಆ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಕೇಳಿದ್ದು ಸಿನಿಮಾದ ಬಗ್ಗೆ. ದೊಡ್ಡ ಪ್ರಶಸ್ತಿ ಬಂದಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನದಿಂದ ಅವಳು ಅದಕ್ಕೆ ಕಾದಿದ್ದಳು. ಅದು ಊರಿಗೆ ಬಂದದ್ದು ಒಂದೇ ವಾರದ ಮಟ್ಟಿಗೆ. ಅವಳು ಆಸ್ಪತ್ರೆ ಸೇರಿದ್ದೂ ಅದೇ ವಾರ. ನೀನು ನೋಡಿಕೊಂಡು ಬಂದು ಹೇಳು, ಪೂರ್ತಿ ಹೇಳಬೇಕು ಎಂದಿದ್ದಳು.

ಹೇಳುವುದು ಅಕ್ಕನ ಕೆಲಸವಾಗಿತ್ತು. ತಾಯಿ ಹೋದ ಮೇಲೆ ಅವಳು ಲಂಗ, ರವಿಕೆ ಹೊಲಿದು ಅವನನ್ನು ಸಾಕಿದವಳು. ತಿಂಗಳಿಗೊಂದು ಸಿನಿಮಾ ನೋಡಿ ಬಂದು ಮಿಷನ್ ತುಳಿಯುತ್ತಲೇ ಅವನಿಗೆ ಕಥೆ ಹೇಳುತ್ತಿದ್ದಳು. ಅವನು ಹೊಲಿಗೆ ಮಿಷನ್ ರಿಪೇರಿ ಕಲಿತ, ಸಂಜೆ ತರಗತಿಗೆ ಹೋಗಿ ನಾಲ್ಕಕ್ಷರ ಓದಿದ. ಕಥೆ ಹೇಳುವುದು ಮಾತ್ರ ಬರಲಿಲ್ಲ. ಅಂಗಡಿಗೆ ಬಂದ ಪ್ರತಿ ಮಿಷನ್‌ಗೂ ಒಂದು ಕಾರ್ಡು ಬರೆಯುವುದು ಅವನ ರೂಢಿ: ದೂರು, ಕಾರಣ, ಕ್ರಮ. ಮರೆತರೆ ಎಂಬ ಭಯಕ್ಕೆ ಥಿಯೇಟರಿನ ಕತ್ತಲಲ್ಲಿ ಕೂತು ಅಂಥ ಕಾರ್ಡುಗಳಲ್ಲೇ ಸಿನಿಮಾದ ಕಥೆ ಬರೆದುಕೊಂಡಿದ್ದ.

ಆಸ್ಪತ್ರೆಯ ಗೇಟು ಮುಚ್ಚಿತ್ತು. ದೊಡ್ಡ ಡಾಕ್ಟರ ರೌಂಡ್ಸ್ ಮುಗಿಯುವ ತನಕ ಬಿಡುವುದಿಲ್ಲ, ಆರೂ ಹತ್ತಾಗಬಹುದು ಎಂದ ಕಾವಲುಗಾರ. ಇಷ್ಟು ಬೇಗ ಬಂದಿದ್ದೀರಲ್ಲ, ಒಳಗೇನು ಕಿಟಕಿ ಪಕ್ಕದ ಸೀಟು ಹಿಡಿಯಬೇಕಿತ್ತಾ ಎಂದೂ ಕೇಳಿದ. ಅವನು ಗೇಟಿನ ಸರಳು ಹಿಡಿದು ಇಪ್ಪತ್ತು ನಿಮಿಷ ನಿಂತ. ಅಷ್ಟರಲ್ಲಿ ಸಿನಿಮಾ ಮುಗಿದು ಜನ ಮನೆ ಸೇರಿರಬಹುದು.

ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಅವನು ಕಾರ್ಡುಗಳನ್ನು ಜೋಡಿಸಿಕೊಂಡು ಓದತೊಡಗಿದ. ಒಬ್ಬ ಕ್ಷೌರಿಕ. ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ದಿನ ಖಾಲಿ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿರುವುದು ಕನ್ನಡಿಯಲ್ಲಿ ಕಾಣುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಕಾರಣ: ಅವಳು ಕನ್ನಡಿಯೊಳಗಿನವಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನೋಡಜ್ಜಿ," ಎಂದು ಪಕ್ಕದ ಹಾಸಿಗೆಯ ಮುದುಕಿಗೆ ಹೇಳಿದಳು, "ನನ್ನ ತಮ್ಮ ಸಿನಿಮಾ ನೋಡಿಲ್ಲ. ಬಿಚ್ಚಿ ಎಣ್ಣೆ ಹಾಕಿ ಬಂದಿದಾನೆ."

ಅವನಿಗೆ ನಾಚಿಕೆಯಾಯಿತು. ಕಾರ್ಡುಗಳನ್ನು ಜೇಬಿಗಿಟ್ಟು, ಬರೆದುಕೊಳ್ಳದೆ ಬಿಟ್ಟಿದ್ದ ಒಂದನ್ನು ಹೇಳಿದ. ಆ ದೃಶ್ಯ ನೋಡುವಾಗ ಅವನ ಕೈ ಬರೆಯುವುದನ್ನೇ ಮರೆತಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲ. ಕ್ಷೌರಿಕ ತನ್ನ ಕುರ್ಚಿಯಲ್ಲಿ ತಾನೇ ಕೂತು ಕಣ್ಣು ಮುಚ್ಚುತ್ತಾನೆ. ಕನ್ನಡಿಯಲ್ಲಿ ಅವಳು ಎದ್ದು ಬಂದು ಅವನ ತಲೆ ಬಾಚುತ್ತಾಳೆ. ಇತ್ತ ಅಂಗಡಿಯಲ್ಲಿ ಯಾರೂ ಇಲ್ಲ, ಬಾಚಣಿಗೆಯೂ ಇಲ್ಲ. ಆದರೆ ಅವನ ಕೂದಲು ತಾನಾಗಿ ಒಂದೊಂದೇ ಸಾಲು ಪಕ್ಕಕ್ಕೆ ಸರಿಯುತ್ತದೆ. ಜೀವಮಾನವೆಲ್ಲ ಊರಿನ ತಲೆ ಬಾಚಿದವನು, ಅವನ ತಲೆ ಯಾರೂ ಮುಟ್ಟಿರಲಿಲ್ಲ ಅಕ್ಕ ಎಂದ. ಹೇಳುತ್ತ ಹೇಳುತ್ತ ತನ್ನ ಬೆರಳುಗಳು ಗಾಳಿಯಲ್ಲಿ ಬಾಚುತ್ತಿರುವುದು ಅವನಿಗೇ ಗೊತ್ತಿರಲಿಲ್ಲ. ಅಕ್ಕ ನಗುತ್ತಿರಲಿಲ್ಲ. ಮುದುಕಿ ಇತ್ತ ಹೊರಳಿ ಮಲಗಿದ್ದಳು.

ಕನ್ನಡಿಯ ನಿಯಮವನ್ನೂ ಹೇಳಿದ. ಅವಳು ಹೊರಗೆ ಬರಬೇಕಾದರೆ ಅವನು ಒಳಗೆ ಹೋಗಬೇಕು. ಇಬ್ಬರೂ ಒಂದೇ ಕಡೆ ಇರುವಂತಿಲ್ಲ. ಅವನಿಗೆ ವಯಸ್ಸಾಗುತ್ತದೆ, ಅವಳಿಗಿಲ್ಲ. ಕೊನೆಗೆ ಒಂದು ಸಂಜೆ ಅವನು ಕಲ್ಲು ತೆಗೆದುಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಾನೆ.

"ಒಡೆದ್ರೆ ಅವಳು ಈಚೆ ಬೀಳ್ತಾಳೆ," ಎಂದಳು ಮುದುಕಿ.

"ಒಡೆದ್ರೆ ಅವಳು ಚೂರು ಚೂರಾಗ್ತಾಳಜ್ಜಿ," ಎಂದಳು ಅಕ್ಕ. "ಏನಾಯ್ತು, ಹೇಳೋ."

ಅವನು ಕೈ ಕೆಳಗಿಟ್ಟ. "ಅಲ್ಲಿಗೆ ಎದ್ದು ಬಂದೆ."

"ಎದ್ದು ಬಂದ್ಯಾ? ಯಾಕೆ?"

"ನೀನು ಕಾಯ್ತಿರ್ತೀಯ ಅಂತ."

ಅಕ್ಕ ಅವನ ಮುಖವನ್ನೇ ನೋಡಿದಳು. "ನಾನು ಎಲ್ಲಿಗೆ ಹೋಗ್ತಿದ್ದೆನೋ," ಎಂದಳು.

ಹೊರಡುವ ಗಂಟೆ ಬಾರಿಸಿದಾಗ ಅವಳು ಅವನ ತೋಳು ಹಿಡಿದು, ಯಾರನ್ನಾದರೂ ಕೇಳಿಕೊಂಡು ಬೆಳಿಗ್ಗೆ ಏಳರೊಳಗೆ ಬಾ ಎಂದಳು. ದನಿ ತಮಾಷೆಯದೇ, ಹಿಡಿತ ಮಾತ್ರ ಬಿಗಿಯಾಗಿತ್ತು.

ಅವನು ಥಿಯೇಟರಿಗೆ ಓಡಿದ. ಸಂಜೆಯ ಆಟದಿಂದಲೇ ಬೇರೆ ಸಿನಿಮಾ. ಗೋಡೆಯ ಮೇಲೆ ಹೊಸ ಪೋಸ್ಟರಿನ ಅಂಟು ಇನ್ನೂ ಹಸಿ. ರೀಲಿನ ತಗಡಿನ ಡಬ್ಬಗಳು ರೈಲಿಗೆಂದು ಮೆಟ್ಟಿಲ ಹತ್ತಿರ ಸಾಲಾಗಿದ್ದವು, ಹಗ್ಗ ಬಿಗಿದು ಸೀಲು ಹಾಕಿ. ಟಿಕೆಟ್ ಕೊಡುವ ಹೆಂಗಸನ್ನು ಕೇಳಿದ. ಜನ ಅಳುತ್ತ ಹೊರಗೆ ಬಂದರು ಎಂದಳು. ಹಾಗಾದರೆ ಸೇರಲಿಲ್ಲವೇ ಎಂದರೆ, ಸೇರಿದರೂ ಅಳುತ್ತಾರಲ್ಲ, ಮದುವೆ ಮನೆ ನೋಡಿಲ್ಲವಾ ಎಂದಳು. ಪ್ರೊಜೆಕ್ಟರ್ ಓಡಿಸುವವನು ಬೀಡಿ ಹಚ್ಚಿಕೊಂಡು ಇಳಿದು ಬಂದ.

"ಕೊನೇ ರೀಲು ಹಾಕಿದ ಮೇಲೆ ನಾನು ಉಳಿದಿದ್ದನ್ನ ಡಬ್ಬಕ್ಕೆ ತುಂಬ್ತಾ ಇರ್ತೀನಿ ಸ್ವಾಮಿ. ಇಪ್ಪತ್ತು ವರ್ಷ ಆಯ್ತು, ಒಂದು ಸಿನಿಮಾದ ಕೊನೆನೂ ನೋಡಿಲ್ಲ." ಅವನ ಮುಖ ನೋಡಿ ಆತನಿಗೆ ಏನನ್ನಿಸಿತೋ, ಕಾಲಿನಿಂದ ಕೊನೆಯ ಡಬ್ಬವನ್ನು ತೋರಿಸಿದ. "ಇದರಲ್ಲೇ ಇದೆ."

ಅವನು ಕುಕ್ಕರಗಾಲಲ್ಲಿ ಕೂತು ಡಬ್ಬದ ಮೇಲೆ ಅಂಗೈ ಇಟ್ಟ. ತಗಡು ಇನ್ನೂ ಬೆಚ್ಚಗಿತ್ತು. ಹಮಾಲಿ ಬಂದು, ಪಕ್ಕಕ್ಕೆ ಬನ್ನಿ ಎಂದು ಅದನ್ನು ಹೆಗಲಿಗೇರಿಸಿಕೊಂಡು ಹೋದ.

ಬೆಳಗಾಗುವ ಹೊತ್ತಿಗೆ ಅವನ ಜೇಬಿನಲ್ಲಿ ತಾನೇ ಊಹಿಸಿ ಬರೆದ ಎರಡು ಕಾರ್ಡುಗಳಿದ್ದವು. ಒಂದರಲ್ಲಿ ಸೇರುತ್ತಿದ್ದರು, ಇನ್ನೊಂದರಲ್ಲಿ ಇಲ್ಲ. ಸೇರುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ. ಅಕ್ಕನನ್ನು ಆಗಲೇ ತಳ್ಳುಗಾಡಿಯ ಮೇಲೆ ಮಲಗಿಸಿದ್ದರು. ಹಸಿರು ಬಟ್ಟೆ ಹೊದಿಸಿ, ಮೂಗುತಿ ಬಿಚ್ಚಿಸಿ, ಮಂಪರಿನ ಸೂಜಿ ಕೊಟ್ಟಾಗಿತ್ತು. ಮೂಗುತಿಯಿಲ್ಲದ ಅಕ್ಕನನ್ನು ಅವನು ಎಂದೂ ನೋಡಿರಲಿಲ್ಲ. ಅವಳು ಕಣ್ಣು ಅರ್ಧ ತೆರೆದು, "ಕೇಳ್ಕೊಂಡು ಬಂದ್ಯಾ?" ಎಂದಳು.

ಅವನು ಬಾಯಿ ತೆರೆದ. ಮಾಡದ ರಿಪೇರಿಯನ್ನು ಮಾಡಿದೆನೆಂದು ಅವನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬರೆದವನಲ್ಲ.

"ಗೊತ್ತಾಗ್ಲಿಲ್ಲ ಅಕ್ಕ," ಎಂದ.

"ನಿನ್ನ ಕೈಲಿ ಏನೂ ಆಗಲ್ಲ," ಎಂದು ಅಕ್ಕ ಮೆಲ್ಲಗೆ ನಕ್ಕಳು. "ಬಿಡು. ನಾನೇ ಹೇಳ್ತೀನಿ. ಕೇಳು."

ಗಾಡಿ ಹೊರಟಿತು. ಅವನು ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಜೊತೆಗೆ ನಡೆದ. ಕ್ಷೌರಿಕ ಕಲ್ಲು ಎತ್ತಿದ ಎಂದಳು. ಆಮೇಲೆ ಕನ್ನಡಿಯವಳು ಏನೋ ಅಂದಳು ಎಂದಳು. ಏನಂದಳು ಎಂಬಲ್ಲಿಂದ ನಾಲಿಗೆ ದಪ್ಪವಾಯಿತು, ಮಾತುಗಳು ಒಂದಕ್ಕೊಂದು ಅಂಟಿಕೊಂಡವು. ಗಾಡಿಯ ಒಂದು ಚಕ್ರ ಕಿರುಗುಟ್ಟುತ್ತಿತ್ತು. ಒಂದು ತೊಟ್ಟು ಎಣ್ಣೆ ಸಾಕಿತ್ತು. ಅವನು ಇನ್ನಷ್ಟು ಬಗ್ಗಿದ. ಉಸಿರು ತಾಗುತ್ತಿತ್ತು, ಪದ ಸಿಗುತ್ತಿರಲಿಲ್ಲ. ಅಕ್ಕ ಮಾತ್ರ ಅವಸರವಿಲ್ಲದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ದನಿ ಏರಿಸಿ, ಪೂರ್ತಿ ಹೇಳಿ ಮುಗಿಸಿದಳು. ಆಮೇಲೆ ಹೇಗಿದೆ ಎನ್ನುವಂತೆ ಅವನತ್ತ ಹುಬ್ಬೆತ್ತಿದಳು.

"ಚೆನ್ನಾಗಿದೆ ಅಕ್ಕ," ಎಂದ ಅವನು.

ಇಲ್ಲಿಂದಾಚೆ ಬರುವಂತಿಲ್ಲ ಎಂದು ನರ್ಸು ಅವನ ಎದೆಗೆ ಕೈ ಅಡ್ಡ ಇಟ್ಟಳು. ಗಾಡಿ ಒಳಗೆ ಹೋಯಿತು. ಬಾಗಿಲಿನ ಎರಡು ರೆಕ್ಕೆಗಳು ಹಿಂದೆ ಮುಂದೆ ಆಡಿ, ಆಡಿ, ನಿಂತವು. ಅವನು ಮಾತ್ರ ಅಲ್ಲೇ, ಕಿವಿಯನ್ನು ಗಾಡಿಯ ಎತ್ತರಕ್ಕೆ ಇಳಿಸಿಕೊಂಡು ಬಗ್ಗಿ ನಿಂತಿದ್ದ.